ಠೇವಣಿ ಕಳೆದುಕೊಳ್ಳುವ ಹಕ್ಕು

1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತಾಗ ನಮ್ಮ ಹೆಬ್ರಿ ಊರಿನವರೂ ಅಲ್ಲಿನ ಮತದಾರರು. ಆಗುಂಬೆ ಘಾಟಿಯ ಬುಡದ ಈ ಊರು ಆಗ ಕಾರ್ಕಳ ತಾಲ್ಲೂಕಿನಲ್ಲಿತ್ತು. ಕಾರ್ಕಳ ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿತ್ತು. ರಾಯಬರೇಲಿಯಲ್ಲಿ ಸೋತಿದ್ದ ನಾಯಕಿಗಾಗಿ ಡಿ.ಬಿ. ಚಂದ್ರೇಗೌಡರು ಗೆದ್ದ ಸ್ಥಾನ ಬಿಟ್ಟುಕೊಟ್ಟರು. ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದ ಇಂದಿರಾ ಡಿಸೆಂಬರಿನಲ್ಲೇ ಲೋಕಸಭೆಯಿಂದ ಉಚ್ಚಾಟಿತರಾದರು. ಒಬ್ಬರ ಅನುಕೂಲಕ್ಕಾಗಿ ಇಡೀ ಕ್ಷೇತ್ರ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು. ಅದನ್ನು ಯಾವ ಕಾನೂನೂ ತಡೆಯಲಿಲ್ಲ. ಆದರೆ ಸೋಲುವುದು ಗೊತ್ತಿದ್ದೂ ಮತ್ತೆ ಮತ್ತೆ ನಾಮಪತ್ರ ಸಲ್ಲಿಸುವ ಒಬ್ಬಂಟಿ ಅಭ್ಯರ್ಥಿಯನ್ನು ಮಾತ್ರ ಚುನಾವಣೆಗೆ ಕಂಟಕ ಎಂದು ಕಾಣುತ್ತಾ ಬಂದಿದ್ದೇವೆ. ಈ ದೃಷ್ಟಿ ತಪ್ಪು. ಪಕ್ಷದ ಹಂಗಿಲ್ಲದ ಪ್ರಜೆಗೆ ತನ್ನ ಪ್ರಶ್ನೆಯನ್ನು ಮತದಾರರ ಮುಂದೆ ಅಧಿಕೃತವಾಗಿ ಇಡಲು ನಾಮಪತ್ರದಷ್ಟು ಗಟ್ಟಿಯಾದ ದಾರಿ ಇನ್ನೊಂದಿಲ್ಲ.

ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿ 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ 86 ಬಾರಿ ಸ್ಪರ್ಧಿಸಿದ್ದರು, ಒಮ್ಮೆಯೂ ಗೆಲ್ಲಲಿಲ್ಲ. ಪತ್ರಿಕೆಗಳಿಗೆ ಅವರು ಒಂದು ದಾಖಲೆ, ಓದುಗರಿಗೆ ಒಂದು ನಗು. ಆದರೆ ಆ ಪಕ್ಷದ ಹೆಸರೇ ಒಂದು ಪ್ರಣಾಳಿಕೆ: ಜಾತಿ, ಧರ್ಮ, ಭಾಷೆಗಿಂತ ಮೊದಲು ಹೊಟ್ಟೆ. ಅವರು ಹೋದ ಆರು ವರ್ಷಕ್ಕೆ, 2013ರಲ್ಲಿ, ಕರ್ನಾಟಕದ ಸರ್ಕಾರವೊಂದು ಅನ್ನಭಾಗ್ಯವನ್ನೇ ತನ್ನ ಮೊದಲ ಹೆಗ್ಗಳಿಕೆ ಮಾಡಿಕೊಂಡಿತು. ಅದು ರಂಗಸ್ವಾಮಿಯವರಿಂದಾಯಿತು ಎನ್ನುವುದು ಅತಿಯಾದೀತು. ಆದರೆ ನಕ್ಕು ತಳ್ಳಿದ ವಿಷಯ ನಗುವಿನದಾಗಿರಲಿಲ್ಲ ಎಂಬುದಂತೂ ದಿಟ. ನಮ್ಮ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತದ್ದೂ ಕುರ್ಚಿಯ ಆಸೆಗಲ್ಲ. ಕಾಡು, ನದಿ, ಕೈಗಾ ಅಣುಸ್ಥಾವರದ ಪ್ರಶ್ನೆಗಳನ್ನು ಮತಪೆಟ್ಟಿಗೆಯವರೆಗೆ ಒಯ್ಯಬೇಕಿತ್ತು. ಗೆದ್ದವರು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ; ಕೈಗಾ ಸ್ಥಾವರವೂ ಮೇಲೆದ್ದಿತು. ಅತ್ತ ಬ್ರಿಟನ್ನಿನಲ್ಲಿ ರಾಕ್ ಗಾಯಕ ಸ್ಕ್ರೀಮಿಂಗ್ ಲಾರ್ಡ್ ಸಚ್ 1963ರಲ್ಲಿ ಹದಿನೆಂಟಕ್ಕೇ ಮತದಾನದ ಹಕ್ಕು ಬೇಕೆಂದು ಉಪಚುನಾವಣೆಗೆ ನಿಂತು ಸೋತರು, ಮುಂದೆಯೂ ಹತ್ತಾರು ಬಾರಿ ಸೋತರು. 1969ರಲ್ಲಿ ಅಲ್ಲಿನ ಸಂಸತ್ತು ಆ ಹಕ್ಕನ್ನು ಕೊಟ್ಟಿತು. ಒಬ್ಬರ ಬೇಡಿಕೆ ಕಾನೂನಾಯಿತು, ಇನ್ನೊಬ್ಬರದು ಆಗಲಿಲ್ಲ. ಕೇಳುವ ಹಕ್ಕು ಮಾತ್ರ ಇಬ್ಬರಿಗೂ ಒಂದೇ.

ಹಾಗೆಂದು ಇಂಥ ಅಭ್ಯರ್ಥಿಗಳ ಬಗೆಗಿನ ಆಕ್ಷೇಪ ಹುರುಳಿಲ್ಲದ್ದಲ್ಲ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯಲ್ಲಿ 456, ನಲ್ಗೊಂಡದಲ್ಲಿ 480 ಅಭ್ಯರ್ಥಿಗಳಿದ್ದರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033. ಮತಪತ್ರ ಪುಸ್ತಕದಷ್ಟು ದಪ್ಪವಾಯಿತು. ಅದೇ ವರ್ಷ ಕಾನೂನು ತಿದ್ದುಪಡಿಯಾಗಿ, ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ, ವಿಧಾನಸಭೆಯದು 250ರಿಂದ 5,000ಕ್ಕೆ ಏರಿತು. ಪಕ್ಷೇತರರಿಗೆ ಹತ್ತು ಸೂಚಕರು ಬೇಕೆಂದಾಯಿತು, ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವುದು ನಿಂತಿತು. ಈಗ ಠೇವಣಿ 25,000 ಮತ್ತು 10,000. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಪಾಲು ದಾಟದಿದ್ದರೆ ಅದು ಜಪ್ತಿ. ಆದರೆ ನಲ್ಗೊಂಡದವರು ಹುಡುಗಾಟಕ್ಕೆ ನಿಂತವರಲ್ಲ. ಫ್ಲೋರೈಡ್ ನೀರು ಕುಡಿದು ಮೂಳೆ ಸೊಟ್ಟಗಾದ ಊರುಗಳ ಸಂಕಟವನ್ನು ದೇಶಕ್ಕೆ ಕಾಣಿಸಲು ಅವರು ಕಂಡುಕೊಂಡ ದಾರಿ ಅದು. ಮತಪತ್ರದ ಉದ್ದವನ್ನು ಅಳೆದ ನಾವು ಆ ನೀರನ್ನು ಅಳೆಯಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಎದುರಾಳಿಯ ಹೆಸರನ್ನೇ ಹೋಲುವ ಡಮ್ಮಿ ಅಭ್ಯರ್ಥಿಯನ್ನು ನಿಲ್ಲಿಸಿ ಮತ ಒಡೆಯುವ ಆಟ ಎಲ್ಲರಿಗೂ ಗೊತ್ತು. ಆದರೆ ಆ ಡಮ್ಮಿಯ ಠೇವಣಿ ಕಟ್ಟುವವರು ಯಾರು? ಹಣವಂತ ಪಕ್ಷಕ್ಕೆ 10,000 ರೂಪಾಯಿ ಲೆಕ್ಕಕ್ಕೇ ಇಲ್ಲ. ಹೆಬ್ರಿಯ ಬೀಡಿ ಕಟ್ಟುವ ಹೆಂಗಸಿಗೆ ಅದು ತಿಂಗಳುಗಟ್ಟಲೆ ದುಡಿಮೆ. ಠೇವಣಿ ಏರಿಸಿದಷ್ಟೂ ಡಮ್ಮಿಗಳು ಉಳಿಯುತ್ತಾರೆ, ನಿಜವಾಗಿ ಪ್ರಶ್ನೆಯಿರುವವರು ಹೊರಗುಳಿಯುತ್ತಾರೆ. ಗಂಭೀರತೆಯನ್ನು ಅಳೆಯಲೇಬೇಕಿದ್ದರೆ ಹಣದಿಂದ ಬೇಡ, ಸಹಿಯಿಂದ ಅಳೆಯಲಿ: ಸೂಚಕರು ಹತ್ತರ ಬದಲು ಇನ್ನೂರಾಗಲಿ, ಠೇವಣಿ ಹಳೆಯ 250 ರೂಪಾಯಿಗೆ ಇಳಿಯಲಿ. ಮನೆ ಮನೆ ಸುತ್ತಿ ಇನ್ನೂರು ಸಹಿ ತಂದವರ ಹೆಸರು ಮತಯಂತ್ರದಲ್ಲಿ ಇರಲೇಬೇಕು.