ದೊರೆಯ ಪ್ರತಿಮೆಯಿಂದ ರಿವಾಲ್ವರಿನವರೆಗೆ: ಸೀಸದ ಗುಂಡಿನ ಎರಕ

1776ರ ಜುಲೈ 9ರಂದು ನ್ಯೂಯಾರ್ಕ್ ನಗರದಲ್ಲಿ ಜನರ ಗುಂಪೊಂದು ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಪ್ರತಿಮೆಗೆ ಹಗ್ಗ ಕಟ್ಟಿ ಉರುಳಿಸಿತು. ಕುದುರೆಯೇರಿ ಕುಳಿತಿದ್ದ ಆ ದೊರೆ ಹೊರನೋಟಕ್ಕೆ ಚಿನ್ನ. ಮೇಲಿನ ಲೇಪ ಬಿಟ್ಟರೆ ಉಳಿದದ್ದು ಸೀಸ. ಅದರ ಬಹುಪಾಲು ತುಂಡುಗಳು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಎಂಬ ಊರಿಗೆ, ಆಲಿವರ್ ವಾಲ್ಕಾಟ್ ಎಂಬುವರ ಮನೆಗೆ ಬಂದವು. ಅಲ್ಲಿ ಹೆಂಗಸರೂ ಮಕ್ಕಳೂ ಕುಳಿತು ಅದನ್ನು ಕರಗಿಸಿ ಬಂದೂಕಿನ ಗುಂಡುಗಳನ್ನು ಎರಕ ಹೊಯ್ದರು. ವಾಲ್ಕಾಟ್ ಬರೆದಿಟ್ಟ ಲೆಕ್ಕದ ಚೀಟಿ ಉಳಿದುಬಂದಿದೆ. ಒಟ್ಟು 42,088 ಗುಂಡುಗಳು. ಅವರ ಮಗಳು ಲಾರಾ 8,378, ಹನ್ನೊಂದರ ಹರೆಯದ ಮೇರಿ ಆನ್ 10,790, ಎಂಟೊಂಬತ್ತು ವರ್ಷದ ಮಗ ಫ್ರೆಡರಿಕ್ 936.

ಎಂಟೊಂಬತ್ತು ವರ್ಷದ ಹುಡುಗ ಲೋಹದ ಎರಕ ಹೊಯ್ಯಲು ಹೇಗೆ ಸಾಧ್ಯ? ಉತ್ತರ ಸೀಸದ ಗುಣದಲ್ಲೇ ಇದೆ. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು, ತಾಮ್ರಕ್ಕೆ 1,085. ಸೀಸಕ್ಕೆ 327 ಸಾಕು. ಅಡುಗೆ ಮನೆಯ ಸೌದೆ ಒಲೆಯೇ ಕುಲುಮೆ. ಜೊತೆಗೆ ಅದರ ಸಾಂದ್ರತೆ ನೀರಿನ ಹನ್ನೊಂದು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಚಿಕ್ಕ ಗುಂಡಿಗೂ ತೂಕ ಬರುತ್ತದೆ, ಗಾಳಿಯ ತಡೆಗೆ ಅದು ಬೇಗ ಸೋಲುವುದಿಲ್ಲ. ಇನ್ನೊಂದು ಗುಣ ಮೆದುತನ. ಉಗುರಿನಿಂದ ಗೀರಿದರೂ ಸೀಸದ ಮೇಲೆ ಗೆರೆ ಮೂಡುತ್ತದೆ. ಈ ಮೆದುತನದ ಬೆಲೆ ನಿಜವಾಗಿ ತಿಳಿದದ್ದು ರಿವಾಲ್ವರ್ ಬಂದ ಮೇಲೆ.

1847ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್, ಟೆಕ್ಸಾಸಿನ ಕ್ಯಾಪ್ಟನ್ ವಾಕರ್ ಅವರ ಸಲಹೆಯಂತೆ, ದೊಡ್ಡ ರಿವಾಲ್ವರೊಂದನ್ನು ತಯಾರಿಸಿದ. ತೂಕ ಎರಡು ಕಿಲೋಗ್ರಾಂ, ನಳಿಗೆಯ ಒಳವ್ಯಾಸ 0.44 ಅಂಗುಲ, ಅಂದರೆ ಸುಮಾರು 11 ಮಿಲಿಮೀಟರ್. ತಿರುಗುವ ಉರುಳೆಯಲ್ಲಿ ಆರು ಗೂಡುಗಳು. ಪ್ರತಿ ಗೂಡಿಗೂ ಮೊದಲು ಮದ್ದು ಸುರಿದು, ಅದರ ಮೇಲೆ ಗುಂಡನ್ನಿಟ್ಟು, ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಬೇಕು. ಗುಂಡು ಗೂಡಿಗಿಂತ ಕೂದಲೆಳೆಯಷ್ಟು ದೊಡ್ಡದು. ಒತ್ತಿದಾಗ ಅದರ ಅಂಚಿನಿಂದ ಸೀಸದ ತೆಳು ಉಂಗುರವೊಂದು ಹೆರೆದು ಹೊರಬೀಳುತ್ತದೆ, ಗುಂಡು ಬಿರಡೆಯಂತೆ ಬಿಗಿಯಾಗಿ ಕೂರುತ್ತದೆ. ಹಾಗೆ ಕೂರದಿದ್ದರೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೂ ಹಾರಬಹುದು! ಗಟ್ಟಿ ಲೋಹದಿಂದ ಆಗದ ಕೆಲಸ ಇದು. ಶುದ್ಧ ಸೀಸವೇ ಬೇಕು. ಕೋಲ್ಟ್ ರಿವಾಲ್ವರುಗಳ ಪೆಟ್ಟಿಗೆಯಲ್ಲಿ ಇಕ್ಕಳದಂಥ ಅಚ್ಚೊಂದು ಸಾಮಾನ್ಯವಾಗಿ ಇರುತ್ತಿದ್ದುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಪಿಸ್ತೂಲು ಕೊಂಡವನೇ ಗುಂಡನ್ನೂ ಎರೆದುಕೊಳ್ಳಬೇಕಿತ್ತು.

ಎರಕ ಸುಲಭ ಎಂದೆವಲ್ಲ, ಒಳ್ಳೆಯ ಎರಕ ಅಷ್ಟು ಸುಲಭವಲ್ಲ. ಹೊಸಬರು ಎರೆದ ಮೊದಲ ಗುಂಡುಗಳು ಒಣದ್ರಾಕ್ಷಿಯಂತೆ ಸುಕ್ಕುಸುಕ್ಕಾಗಿರುತ್ತವೆ. ಅಚ್ಚು ತಣ್ಣಗಿದ್ದರೆ ಸೀಸ ಪೂರ್ತಿ ಹರಡುವ ಮೊದಲೇ ಹೆಪ್ಪುಗಟ್ಟುವುದು ಇದಕ್ಕೆ ಕಾರಣ. ಹಲವು ಬಾರಿ ಎರೆದು ಅಚ್ಚು ಕಾದ ಮೇಲೆ ಗುಂಡು ನುಣುಪಾಗುತ್ತದೆ. ಕಣ್ಣಿಗೆ ಕಾಣದ ದೋಷವೂ ಒಂದಿದೆ. ದ್ರವ ಸೀಸ ಘನವಾಗುವಾಗ ಅದರ ಗಾತ್ರ ಶೇಕಡ 3.5ರಷ್ಟು ಕುಗ್ಗುತ್ತದೆ. ಹೊರಪದರ ಮೊದಲು ಗಟ್ಟಿಯಾಗಿ, ಒಳಗೆ ಪೊಳ್ಳು ಉಳಿಯುತ್ತದೆ. ಅಂಥ ಗುಂಡಿನ ದ್ರವ್ಯಕೇಂದ್ರ ನಡುವಿನಿಂದ ಸರಿದು, ಹಾರುವಾಗ ಅದು ತೊನೆಯುತ್ತದೆ. ಅದಕ್ಕಾಗಿಯೇ ಅಚ್ಚಿನ ಬಾಯಲ್ಲಿ ಒಂದಿಷ್ಟು ಹೆಚ್ಚುವರಿ ಸೀಸ ನಿಲ್ಲುವಂತೆ ಮಾಡುತ್ತಾರೆ. ಒಳಗಿನದು ಕುಗ್ಗಿದಂತೆ ಮೇಲಿನ ದ್ರವ ಇಳಿದು ಜಾಗ ತುಂಬುತ್ತದೆ. ಆಮೇಲೆ ಆ ತುಂಡನ್ನು ಕತ್ತರಿಸುತ್ತಾರೆ. ಪೊಳ್ಳನ್ನು ಪತ್ತೆ ಹಚ್ಚುವ ಉಪಾಯ ಸರಳ: ತಕ್ಕಡಿ. ತೂಕ ಕಡಿಮೆ ಬಂದ ಗುಂಡು ಮತ್ತೆ ಪಾತ್ರೆಗೆ.

1873ರಲ್ಲಿ ಕೋಲ್ಟ್ ಕಂಪನಿಯ 0.45 ಅಂಗುಲದ ರಿವಾಲ್ವರ್ ಅಮೆರಿಕದ ಸೈನ್ಯಕ್ಕೆ ಸೇರಿತು. ಅಷ್ಟರಲ್ಲಿ ಮದ್ದು, ಗುಂಡು ಎರಡನ್ನೂ ಹಿಡಿದಿಡುವ ಲೋಹದ ತೋಟಾ ಬಳಕೆಗೆ ಬಂದಿತ್ತು. ಗುಂಡನ್ನು ಗೂಡಿಗೆ ಹೆರೆದು ತುಂಬುವ ಕೆಲಸ ಹೋಯಿತು. ಗುಂಡು ಈಗ ಗಟ್ಟಿಯಾಗಬಹುದಿತ್ತು, ಗಟ್ಟಿಯಾಗಬೇಕೂ ಇತ್ತು. ಏಕೆಂದರೆ ವೇಗ ಹೆಚ್ಚಿದಂತೆ ಮೆದು ಸೀಸ ನಳಿಗೆಯ ಸುರುಳಿ ಗೀರುಗಳಿಗೆ ಬಳಿದುಕೊಂಡು ಅವನ್ನು ಮುಚ್ಚಿಬಿಡುತ್ತದೆ. ಐಡಾಹೋ ರಾಜ್ಯದ ಎಲ್ಮರ್ ಕೀತ್ ಎಂಬಾತ ತಾನೇ ವಿನ್ಯಾಸ ಮಾಡಿದ 16 ಗ್ರಾಂ ತೂಕದ ಗುಂಡಿಗೆ ಹದಿನಾರು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸುತ್ತಿದ್ದ. ಕೀತ್ ಪಟ್ಟುಹಿಡಿದದ್ದರಿಂದಲೇ 1955ರಲ್ಲಿ 0.44 ಮ್ಯಾಗ್ನಮ್ ಎಂಬ ಬಲಶಾಲಿ ರಿವಾಲ್ವರ್ ತೋಟಾ ಹುಟ್ಟಿತು. ತವರ ಬೆರೆತರೆ ದ್ರವ ಅಚ್ಚಿನ ಮೂಲೆ ಮೂಲೆಗೂ ಹರಿಯುತ್ತದೆ. ಆಂಟಿಮನಿ ಬೆರೆತರೆ ಎರಕ ಗಟ್ಟಿಯಾಗುತ್ತದೆ, ಕುಗ್ಗುವುದೂ ಕಡಿಮೆ.

ಸೀಸ, ತವರ, ಆಂಟಿಮನಿ. ಈ ಮೂರನ್ನು ಒಟ್ಟಿಗೆ ಎಲ್ಲೋ ಕೇಳಿದಂತಿದೆಯೇ? ಹೌದು, ಇದು ಅಚ್ಚಿನ ಮೊಳೆಯ ಲೋಹ. ಕನ್ನಡದ ಎಷ್ಟೋ ಪುಸ್ತಕಗಳು ಇಂಥ ಮೊಳೆಗಳನ್ನು ಜೋಡಿಸಿಯೇ ಮುದ್ರಣಗೊಂಡವು. ಲೈನೋಟೈಪ್ ಯಂತ್ರದ ಮಿಶ್ರಲೋಹದಲ್ಲಿ ಸೀಸ ಶೇಕಡ 84, ಆಂಟಿಮನಿ 12, ತವರ 4. ಇದು ಸುಮಾರು 240 ಡಿಗ್ರಿಯಲ್ಲೇ ಕರಗುತ್ತದೆ, ಶುದ್ಧ ಸೀಸಕ್ಕಿಂತಲೂ ಬೇಗ. ಅಮೆರಿಕದಲ್ಲಿ ಮೊಳೆ ಮುದ್ರಣ ಮೂಲೆ ಸೇರಿದಾಗ ಆ ಗುಜರಿಯನ್ನು ಗುಂಡು ಎರೆಯುವ ಹವ್ಯಾಸಿಗಳು ಕೊಂಡರು. ಅಕ್ಷರಗಳು ಗುಂಡಾದವು!

ಈಗ ಲಿಚ್‌ಫೀಲ್ಡ್‌ನ ಮಕ್ಕಳ ಬಳಿಗೆ ಮರಳೋಣ. ಸೀಸ ವಿಷ ಎಂಬುದು ಆಗಲೂ ಹೊಸ ಸುದ್ದಿಯಲ್ಲ. ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಕಸಬುದಾರರ ರೋಗಗಳ ಕುರಿತ ತನ್ನ ಗ್ರಂಥದಲ್ಲಿ ಸೀಸ ಬಳಸುವ ಕುಂಬಾರರ ಪಾಡನ್ನು ಬರೆದಿದ್ದ. ಎರಕದ ಪಾತ್ರೆಯಿಂದ ಏಳುವ ಆವಿಯೇ ಅಪಾಯ ಎಂದು ನೀವು ಊಹಿಸಬಹುದು. ಆದರೆ ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ಎರಕದ ಶಾಖದಲ್ಲಿ ಆವಿ ಬಲು ಕಡಿಮೆ. ನಿಜವಾದ ಶತ್ರು ದ್ರವದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟ. ಅದು ಸೀಸದ ಆಕ್ಸೈಡು ಬೆರೆತ ಪುಡಿ. ಕೆರೆದು ತೆಗೆಯುವಾಗ ಹಾರುತ್ತದೆ, ಬೆರಳಿಗೆ ಅಂಟುತ್ತದೆ, ಊಟದೊಂದಿಗೆ ಹೊಟ್ಟೆ ಸೇರುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಮ್ ಎಂದೇ ಭ್ರಮಿಸಿ ಮೂಳೆಯಲ್ಲಿ ವರ್ಷಗಟ್ಟಲೆ ಕೂಡಿಡುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಮಕ್ಕಳ ದೇಹ ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಬಲ್ಲದು. ಇಷ್ಟಿದ್ದರೆ ನಿರಪಾಯ ಎನ್ನುವ ಮಟ್ಟವೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾಲ್ಕಾಟರ ಚೀಟಿಯಲ್ಲಿರುವುದು ಗುಂಡುಗಳ ಲೆಕ್ಕ ಮಾತ್ರ.

ಆದ್ದರಿಂದ ತರಗತಿಯಲ್ಲಿ ಎರಕವನ್ನು ತೋರಿಸಬಯಸುವ ಶಿಕ್ಷಕರು ದಯವಿಟ್ಟು ಸೀಸವನ್ನು ಮುಟ್ಟಬೇಡಿ. ಮೇಣದಬತ್ತಿಯ ತುಂಡುಗಳನ್ನು ಬಿಸಿನೀರಿನಲ್ಲಿಟ್ಟ ಡಬ್ಬಿಯಲ್ಲಿ ಕರಗಿಸಿ, ಒಂದು ಚಿಕ್ಕ ಲೋಟಕ್ಕೆ ಅಂಚಿನವರೆಗೆ ಹೊಯ್ದು ಆರಲು ಬಿಡಿ. ಅರ್ಧ ಗಂಟೆ ಕಳೆದು ನೋಡಿದರೆ ನಡುವೆ ಗುಳಿ ಬಿದ್ದಿರುತ್ತದೆ. ಇನ್ನೊಂದು ಲೋಟದಲ್ಲಿ, ಗುಳಿ ಬೀಳುತ್ತಿರುವಾಗಲೇ ಬಿಸಿ ಮೇಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋಗಿ. ಎರಡನ್ನೂ ಹೊರತೆಗೆದು ನೆಟ್ಟಗೆ ಸೀಳಿ, ವಿದ್ಯಾರ್ಥಿಗಳ ಕೈಗೆ ಕೊಡಿ.