ನಮ್ಮ ಪದ್ಮಿನಿ: ಹಳೆಯ ಕಾರು ಕ್ಲಾಸಿಕ್ ಆಗುವುದು ಯಾವಾಗ?

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಸಿಕ್ಕಿತು. 2024ರಲ್ಲಿ ಮರಾಠಿಗೂ ಸಿಕ್ಕಿತು. ಇಲ್ಲಿಯವರು ಅದನ್ನು 'ಅಭಿಜಾತ' ಭಾಷೆ ಎನ್ನುತ್ತಾರೆ. ಎರಡೂ ಸುದ್ದಿಗೆ ಖುಷಿಪಟ್ಟ ಮನೆಗಳು ನಮ್ಮ ನೆರೂಳಿನಲ್ಲಿ ಬೇಕಾದಷ್ಟಿವೆ. ಆ ಮನ್ನಣೆಗೆ ಭಾಷೆ ಹಳೆಯದಾಗಿದ್ದರಷ್ಟೇ ಸಾಲದು. ತಲೆಮಾರುಗಳಿಂದ ಜನ ತಮ್ಮದೆಂದು ಕಾಪಾಡಿಕೊಂಡು ಬಂದ ಸಾಹಿತ್ಯವೂ ಇರಬೇಕು. ಕಾರಿನ ವಿಷಯವೂ ಹೀಗೆಯೇ. ಹಳೆಯ ಕಾರುಗಳೆಲ್ಲ ಕ್ಲಾಸಿಕ್ ಆಗುವುದಿಲ್ಲ. ಹಾಗಾದರೆ ಯಾವುದು ಆಗುತ್ತದೆ?

ಮೊದಲು ವಯಸ್ಸಿನ ಲೆಕ್ಕ ನೋಡೋಣ. ಇಂಗ್ಲೆಂಡಿನ ಹವ್ಯಾಸಿಗಳು 1919ರಿಂದ 1930ರವರೆಗಿನ ಕಾರುಗಳನ್ನು ಮಾತ್ರ 'ವಿಂಟೇಜ್' ಎನ್ನುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಪ್ರಕಾರ ಐತಿಹಾಸಿಕ ವಾಹನಕ್ಕೆ ಕನಿಷ್ಠ 30 ವರ್ಷ ಆಗಿರಬೇಕು, ಅದು ಮೂಲರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಕೆಯಾಗುತ್ತಿರಬಾರದು. ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ಬಂದ ನಿಯಮ ಇನ್ನೂ ಬಿಗಿ. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಯಿಸದ ಗಾಡಿ ಮಾತ್ರ 'ವಿಂಟೇಜ್'. ಅದಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ಪ್ರದರ್ಶನ, ರ‍್ಯಾಲಿಗಳಂಥ ಕೆಲಸಕ್ಕೆ ಹೊರಗೆ ತೆಗೆಯಬಹುದು, ಬಾಡಿಗೆಗೆ ಓಡಿಸುವಂತಿಲ್ಲ.

ವಯಸ್ಸು ಮತ್ತು ಮೂಲರೂಪವನ್ನು ಫಾರ್ಮಿನಲ್ಲಿ ತುಂಬಬಹುದು. ಮೂರನೆಯದೊಂದಿದೆ, ಅದಕ್ಕೆ ಫಾರ್ಮಿನಲ್ಲಿ ಜಾಗವಿಲ್ಲ: ಆ ಕಾರಿಗೂ ಜನರಿಗೂ ಇದ್ದ ನಂಟು. ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಗಾಡಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 1888ರಲ್ಲಿ ಅವರ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ 100 ಕಿಲೋಮೀಟರಿಗೂ ದೂರದ ತವರೂರಿಗೆ ಹೊರಟುಬಿಟ್ಟರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು, ದಾರಿಯಲ್ಲಿ ಔಷಧಿ ಅಂಗಡಿಯಿಂದ ಇಂಧನ ಕೊಂಡರು. ಈ ಗಾಡಿಯಲ್ಲಿ ದೂರದೂರಿಗೂ ಹೋಗಬಹುದು ಎಂದು ಲೋಕಕ್ಕೆ ತೋರಿಸಿಕೊಟ್ಟದ್ದು ಆ ತಾಯಿ. ಆ ಕಾರು ಇಂದಿಗೂ ನೆನಪಿನಲ್ಲಿ ಉಳಿದಿರುವುದರಲ್ಲಿ ಆಕೆಯ ಪ್ರಯಾಣದ ಪಾಲು ದೊಡ್ಡದು.

ಹಾಗೆ ಜನರ ನಂಟಿನಿಂದ ದೊಡ್ಡದಾದ ಕಾರು ನಮ್ಮಲ್ಲೂ ಇದೆ: ಪ್ರೀಮಿಯರ್ ಪದ್ಮಿನಿ. ಅದರ ಕಥೆಯ ಬೇರಿನಲ್ಲಿ ಒಬ್ಬ ಕನ್ನಡಿಗರಿದ್ದಾರೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಾಗಬೇಕೆಂದು ಪಟ್ಟುಹಿಡಿದು, 1935ರಲ್ಲಿ ಯುರೋಪ್, ಅಮೆರಿಕಗಳನ್ನು ಸುತ್ತಿ ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಹುಟ್ಟಿತು, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು.

ಅಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳ ಜೋಡಣೆ ನಡೆಯಿತು. 1950ರ ದಶಕದಲ್ಲಿ ಇಟಲಿಯ ಫಿಯಟ್ 1100 ಬಂತು, 1964ರಲ್ಲಿ ಅದರ 'ಡಿಲೈಟ್' ಮಾದರಿ. ಫಿಯಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಅದೇ ಕಾರು ಸ್ವಲ್ಪ ಕಾಲ 'ಪ್ರೆಸಿಡೆಂಟ್' ಆಗಿ, 1974ರಲ್ಲಿ ಚಿತ್ತೋರಿನ ರಾಣಿಯ ಹೆಸರು ಹೊತ್ತು 'ಪದ್ಮಿನಿ' ಆಯಿತು. ಸಿಡ್ಕೊ ಶುರುವಾಗಿದ್ದು 1970ರಲ್ಲಿ. ಅಂದರೆ ನಮ್ಮ ನವಿ ಮುಂಬಯಿಯೂ ಪದ್ಮಿನಿಯೂ ಹೆಚ್ಚುಕಡಿಮೆ ಓರಗೆಯವರು!

1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್, ಟ್ಯಾಕ್ಸಿಯಾದರೆ ನೆತ್ತಿಯ ಮೇಲೆ ಸಾಮಾನಿನ ಕ್ಯಾರಿಯರ್, ಹೊರಗಡೆ ಎಡಬದಿಗೆ ಗಿರಗಿರ ತಿರುಗುವ ಮೀಟರ್. ಕೆಟ್ಟುನಿಂತರೆ ಯಾವ ಗಲ್ಲಿಯ ಮೆಕ್ಯಾನಿಕ್ ಆದರೂ ಬಿಚ್ಚಿ ಜೋಡಿಸುತ್ತಿದ್ದ. ಬಾಣಂತಿ ಮಗುವನ್ನೆತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲಿ. ಊರಿನ ಬಸ್ಸಿನಿಂದ ಇಳಿದ ಕುಚ್ಚಲಕ್ಕಿ ಮೂಟೆ, ಹಲಸಿನ ಹಣ್ಣು, ಹಪ್ಪಳದ ಡಬ್ಬ ಸವಾರಿ ಮಾಡಿದ್ದೂ ಇದರ ನೆತ್ತಿಯ ಮೇಲೆ. ಲಕ್ಷಾಂತರ ಸಂಸಾರಗಳ ಭಾರ ಹೊತ್ತದ್ದರಿಂದ ಅದು ಕ್ಲಾಸಿಕ್ ಆಯಿತು.

ಹೋಲಿಕೆಗೆ ಪಕ್ಕದ ಕಲ್ಯಾಣವನ್ನು ನೋಡಿ. 1990ರ ದಶಕದಲ್ಲಿ ಇದೇ ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪೂಜೋ ಜೊತೆ ಸೇರಿ ಅಲ್ಲಿ 'ಪೂಜೋ 309' ತಯಾರಿಸಿತು. ಪದ್ಮಿನಿಗಿಂತ ಎಷ್ಟೋ ಆಧುನಿಕ ಕಾರು. ಆದರೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಅದಕ್ಕೂ ಈಗ ಫಿವಾ ಹೇಳುವ 30ರ ವಯಸ್ಸು. ನೆನಪಿಟ್ಟುಕೊಂಡವರು ಎಷ್ಟು ಮಂದಿ?

ಮಾರುತಿ ಬಂದ ಮೇಲೆ, 1991ರ ಉದಾರೀಕರಣದ ನಂತರ, ಪದ್ಮಿನಿಯ ಬೇಡಿಕೆ ಕುಸಿಯಿತು. ಹೊಸ ಶತಮಾನದ ಆರಂಭದಲ್ಲಿ ತಯಾರಿಕೆ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಲ್ಲಿ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಗಳಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ.

ನನ್ನ ತಕರಾರು ಇಲ್ಲಿದೆ. ಕಾನೂನು ಹಳೆಯ ಕಾರನ್ನು ಗೌರವಿಸುವುದು 50ನೇ ವರ್ಷಕ್ಕೆ. ಟ್ಯಾಕ್ಸಿಯನ್ನು ರಸ್ತೆಯಿಂದ ಇಳಿಸುವುದು 20ನೇ ವರ್ಷಕ್ಕೆ. ನಡುವಿನ 30 ವರ್ಷ ಅದನ್ನು ಇಟ್ಟುಕೊಳ್ಳುವವರು ಯಾರು? ರಾಜಮಹಾರಾಜರ ರೋಲ್ಸ್‌ರಾಯ್ಸ್‌ಗೆ ಶೆಡ್ಡೂ ಇದೆ, ಆಳುಕಾಳೂ ಇದ್ದಾರೆ. ದುಡಿದು ತಿನ್ನುವ ಟ್ಯಾಕ್ಸಿ ಚಾಲಕನಿಗೆ ನಿಲ್ಲಿಸಲು ಜಾಗವೂ ಇಲ್ಲ; ಗಾಡಿ ಭಂಗಾರಿಗೆ ಹೋಗುತ್ತದೆ. ಹೀಗೆ ಶ್ರೀಮಂತರ ಕಾರು ಇತಿಹಾಸವಾಗುತ್ತದೆ, ಬಡವರ ಕಾರು ಗುಜರಿಯಾಗುತ್ತದೆ. 20 ವರ್ಷದ ಮಿತಿ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳು ಉಸಿರಾಡುವ ಗಾಳಿ ಮುಖ್ಯ. ಆದರೆ ಓಡಿಸದೆಯೂ ಉಳಿಸಬಹುದಲ್ಲ? ಒಂದು ಟ್ಯಾಕ್ಸಿಯನ್ನಾದರೂ ಉಳಿಸಿ ಎಂದು ಚಾಲಕರ ಸಂಘದವರೇ ಕೇಳಿಕೊಂಡದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರು ಸಂಗ್ರಹಾಲಯವನ್ನು ನೋಡಿರುತ್ತೀರಿ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆಸಕ್ತಿಯಿಂದ ಕೂಡಿಸಿದ ಹಳೆಯ ಕಾರುಗಳನ್ನು ದೇವರ ದರ್ಶನಕ್ಕೆ ಬಂದ ಹಳ್ಳಿಯ ಜನರೂ ನಿಂತು ನೋಡುತ್ತಾರೆ. ಆ ಮನಸ್ಸು ಇಲ್ಲಿಯೂ ಬೇಕು. ಸಾವಿರಾರು ಟ್ಯಾಕ್ಸಿಗಳು ಓಡಿದ ಈ ಮಹಾನಗರದಲ್ಲಿ ಒಂದು ಕಪ್ಪು-ಹಳದಿ ಪದ್ಮಿನಿಗೆ, ಅದರ ಮೀಟರು ಮತ್ತು ಕ್ಯಾರಿಯರ್ ಸಮೇತ, ಜಾಗ ಸಿಗಬಾರದೇ?

1974ರ ಪದ್ಮಿನಿಗಳು ಈಗ ಒಂದೊಂದಾಗಿ 50 ದಾಟುತ್ತಿವೆ. ನಿಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಮಾವನವರದ್ದೋ ಅಪ್ಪನದ್ದೋ ಪದ್ಮಿನಿ ಧೂಳು ತಿನ್ನುತ್ತಿದ್ದರೆ ಮಾರುವ ಮುನ್ನ ಒಮ್ಮೆ ಯೋಚಿಸಿ. ಆರ್‌ಸಿ ಪುಸ್ತಕ ಜೋಪಾನ ಮಾಡಿ, ಮೂಲ ಎಂಜಿನ್ ಬದಲಾಯಿಸಬೇಡಿ. ಕಾರು ಇಲ್ಲದಿದ್ದರೂ ಫೋಟೋ ಇದ್ದೀತು. ಅದರ ಹಿಂದೆ ಯಾವ ವರ್ಷ, ಎಲ್ಲಿಗೆ ಹೋದದ್ದು, ಯಾರು ಓಡಿಸಿದ್ದು ಎಂದು ಇವತ್ತೇ ಬರೆದಿಡಿ. ಹೇಳಬಲ್ಲ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ.