ಸಲಿಕೆ ಹಿಡಿದ ವಿದ್ಯಾರ್ಥಿಗಳು: ರಾಷ್ಟ್ರೀಯ ಸೇವಾ ಯೋಜನೆಯ ಹುಟ್ಟು ಮತ್ತು ಶಿಬಿರಜೀವನ

ಎಂಟು ಅರಗಳ ಚಕ್ರದ ಬಿಲ್ಲೆಯನ್ನು ಎದೆಗೆ ಧರಿಸಿದ ವಿದ್ಯಾರ್ಥಿಗಳನ್ನು ನಮ್ಮ ವಾಚಕರಲ್ಲಿ ಎಲ್ಲರೂ ಕಂಡೇ ಇರುತ್ತಾರೆ. ಹಲವರು ಸ್ವತಃ ಅದನ್ನು ಧರಿಸಿದವರೇ ಆಗಿದ್ದಾರೆ. ಕೋನಾರ್ಕದ ಸೂರ್ಯದೇವಾಲಯದ ರಥಚಕ್ರವನ್ನು ಆಧರಿಸಿ ರಚಿತವಾದ ಆ ಚಿಹ್ನೆಯು ರಾಷ್ಟ್ರೀಯ ಸೇವಾ ಯೋಜನೆಯದು. ಅರಗಳು ಎಂಟೇ ಏಕೆಂದರೆ ದಿನದ ಪ್ರಹರಗಳು ಎಂಟು. 24 ಗಂಟೆಯೂ ಸೇವೆಗೆ ಸಿದ್ಧರಿರಬೇಕೆಂಬುದು ಅದರ ಭಾವ. ‘ನನಗಲ್ಲ, ನಿನಗೆ’ ಎಂಬುದು ಧ್ಯೇಯವಾಕ್ಯ. ಈ ಯೋಜನೆಯು ಕಣ್ಣು ತೆರೆಯುವ ಮೊದಲು ಇಪ್ಪತ್ತು ವರ್ಷಗಳ ಕಾಲ ಒಂದೇ ಪ್ರಶ್ನೆಯ ಸುತ್ತ ಚರ್ಚೆ ನಡೆದಿತ್ತೆಂಬುದು ಮಾತ್ರ ಇಂದು ಬಹುಜನರಿಗೆ ತಿಳಿಯದು. ಸೇವೆಯನ್ನು ವಿದ್ಯಾರ್ಥಿಯ ಮೇಲೆ ಕಡ್ಡಾಯವಾಗಿ ಹೇರಬೇಕೆ, ಅಥವಾ ಅವನ ಇಚ್ಛೆಗೆ ಬಿಡಬೇಕೆ ಎಂಬುದೇ ಆ ಪ್ರಶ್ನೆ.

ವಿದ್ಯಾರ್ಥಿದೆಸೆಯು ಕೇವಲ ಬುದ್ಧಿವಿಲಾಸದ ಕಾಲವಲ್ಲ, ಸಮಾಜಕ್ಕೆ ತನ್ನನ್ನು ಅರ್ಪಿಸಿಕೊಳ್ಳುವ ಸಿದ್ಧತೆಯ ಕಾಲ ಎಂದು ಮಹಾತ್ಮಾ ಗಾಂಧಿಯವರು ಪುನಃ ಪುನಃ ಹೇಳುತ್ತಿದ್ದರು. ಸ್ವಾತಂತ್ರ್ಯಾನಂತರ ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ವಿದ್ಯಾಸಂಸ್ಥೆಗಳಲ್ಲಿ ರಾಷ್ಟ್ರಸೇವೆಯು ಸ್ವಯಂಪ್ರೇರಿತವಾಗಿ ನಡೆಯಲೆಂದು ಸೂಚಿಸಿತು. 1959ರಲ್ಲಿ ಸಿ. ಡಿ. ದೇಶಮುಖರ ಸಮಿತಿಯು ಅದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿಯಿತು. ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಬಯಸುವ ಪ್ರತಿಯೊಬ್ಬನೂ ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗೆ ಕಡ್ಡಾಯವಾಗಿ ಸೇವೆ ಸಲ್ಲಿಸತಕ್ಕದ್ದೆಂಬುದು ಆ ಸಮಿತಿಯ ಅಭಿಪ್ರಾಯ. ಹಣದ ಅಭಾವವೂ ವ್ಯವಸ್ಥೆಯ ತೊಡಕೂ ಅಡ್ಡಬಂದು ಅದು ಕೈಗೂಡಲಿಲ್ಲ. ಕೈಗೂಡದ್ದೇ ಲೇಸಾಯಿತೆಂದು ನನ್ನ ಎಣಿಕೆ. ಮಗನನ್ನು ಓದಿಸುವುದಕ್ಕೇ ಎತ್ತು ಮಾರುವ ರೈತನಿಗೆ ಇನ್ನೊಂದು ವರ್ಷ ಕಾಯುವುದೆಂದರೆ ಸಣ್ಣ ಮಾತಲ್ಲ.

ಮರುವರ್ಷ ಪ್ರೊ. ಕೆ. ಜಿ. ಸೈಯಿದೈನರು ಅನ್ಯದೇಶಗಳ ಯುವಸೇವಾ ಪದ್ಧತಿಗಳನ್ನು ಅಭ್ಯಾಸ ಮಾಡಿ ವರದಿಯೊಂದನ್ನು ಒಪ್ಪಿಸಿದರು. ಅದರಲ್ಲಿದ್ದ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ: ಸೇವಾಶಿಬಿರಗಳು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅದೇ ವಯಸ್ಸಿನ, ಆದರೆ ಕಾಲೇಜಿನ ಮೆಟ್ಟಿಲು ಹತ್ತದ ತರುಣರಿಗೂ ತೆರೆದಿರಬೇಕು ಎಂಬುದು ಆ ಮಾತು.

ಕೊಠಾರಿ ಆಯೋಗವೂ ಸಮಾಜಸೇವೆಯು ಶಿಕ್ಷಣದ ಅಂಗವಾಗಬೇಕೆಂದಿತು. ಕಟ್ಟಕಡೆಗೆ ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಯೋಜನೆಯನ್ನು ಆರಂಭಿಸಿದರು. ಆಗ ಅವರು ನಮ್ಮ ಬಳ್ಳಾರಿ ಕ್ಷೇತ್ರದ ಲೋಕಸಭಾ ಸದಸ್ಯರೂ ಆಗಿದ್ದರು. ನಾಲ್ಕನೆಯ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆ ದೊರೆತದ್ದು 5 ಕೋಟಿ ರೂಪಾಯಿ. ಸೇರುವುದು ಬಿಡುವುದು ವಿದ್ಯಾರ್ಥಿಯ ಇಚ್ಛೆ. ಸೇರಿದವನು ಮಾತ್ರ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ದುಡಿಯಬೇಕು, ಒಂದು ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಬರಗಾಲದ ಬೇಗೆಯಲ್ಲಿ ದೇಶ ಬೇಯುತ್ತಿದ್ದ 1973ರಲ್ಲಿ ‘ಕ್ಷಾಮದ ವಿರುದ್ಧ ಯುವಜನ’ ಎಂಬ ಘೋಷಣೆಯೊಂದಿಗೆ ಶಿಬಿರಗಳು ನಡೆದವು. ಕೊಳೆ ಮತ್ತು ರೋಗಗಳ ವಿರುದ್ಧದ ಶಿಬಿರಗಳು, ಗ್ರಾಮ ಪುನರ್ನಿರ್ಮಾಣದ ಶಿಬಿರಗಳು ಆಮೇಲೆ ಬಂದವು.

1970ರ ದಶಕದ ನಡುವಿನಲ್ಲಿ ಅಂಥದೊಂದು ಶಿಬಿರಕ್ಕೆ ನಾನೂ ಹೋಗಿದ್ದೆ. ಉತ್ತರ ಕರ್ನಾಟಕದ ಎರೆಸೀಮೆಯ ಹಳ್ಳಿ, ಹತ್ತು ದಿನ, ಐವತ್ತು ಮಂದಿ ಹುಡುಗರು. ವಾಸ ಶಾಲೆಯ ಎರಡು ಕೋಣೆಗಳಲ್ಲಿ. ಬೆಳಗಿನ ಐದಕ್ಕೆ ಎದ್ದು ಪ್ರಭಾತಫೇರಿ, ಬಳಿಕ ಉಪ್ಪಿಟ್ಟು, ಬಳಿಕ ಮಧ್ಯಾಹ್ನದವರೆಗೆ ಶ್ರಮದಾನ. ಅಪರಾಹ್ಣ ಯಾರಾದರೊಬ್ಬರ ಉಪನ್ಯಾಸ. ಅದರಲ್ಲಿ ನಿದ್ರಿಸದವರು ವಿರಳ. ಸಂಜೆ ಮನೆಮನೆಯ ಸಮೀಕ್ಷೆ, ರಾತ್ರಿ ಊರವರೆದುರು ಹಾಡು, ನಾಟಕ. ಮೂರನೆಯ ದಿನಕ್ಕೆ ಅಂಗೈಯೆಲ್ಲ ಬೊಬ್ಬೆ ಎದ್ದು, ಅನ್ನ ಕಲಸುವುದೂ ಕಷ್ಟವಾಯಿತು. ಮನೆಯಲ್ಲಿ ಗುದ್ದಲಿ ಹಿಡಿದು ಬೆಳೆದ ನಾಲ್ಕಾರು ಗೆಳೆಯರು ನಮ್ಮನ್ನು ನೋಡಿ ನಗುತ್ತಿದ್ದರು. ತರಗತಿಯಲ್ಲಿ ಹಿಂದಿನ ಬೆಂಚಿನವರಾದ ಅವರೇ ಅಲ್ಲಿ ನಮಗೆ ಗುರುಗಳಾದರು.

ಮೊದಲು ಹಿಡಿದದ್ದು ಕೆರೆಯ ಕಡೆಗೆ ಹೋಗುವ ರಸ್ತೆ. ನಾವು ಮಣ್ಣು ಸುರಿಯುತ್ತಿದ್ದಾಗ ಹಿರಿಯರೊಬ್ಬರು ಬದುವಿನ ಮೇಲೆ ಕುಳಿತು ಬಹುಹೊತ್ತು ನೋಡಿ, “ತಮ್ಮಾ, ನೀರಿಗೆ ಹಾದಿ ಬಿಟ್ಟು ಮಣ್ಣು ಹಾಕ್ರೆಪಾ. ಅದು ತನ್ನ ಹಾದಿ ಮರೆಯೂದಿಲ್ಲ,” ಎಂದರು. ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಮೋರಿಗೆ ಕೊಳವೆ ತರಿಸಲು ವ್ಯವಧಾನವಿರಲಿಲ್ಲ. ಫಲಕ ನೆಟ್ಟೆವು, ಛಾಯಾಚಿತ್ರ ತೆಗೆಸಿಕೊಂಡೆವು. ಮುಂದಿನ ಮಳೆಗಾಲದಲ್ಲಿ ರಸ್ತೆ ಕೊಚ್ಚಿಹೋಯಿತೆಂದು ಊರಿನಿಂದ ಬಂದ ಸಹಪಾಠಿಯೊಬ್ಬ ತಿಳಿಸಿದ.

ಎರಡನೆಯದು ಊರ ಹೊರಗಿನ ದಲಿತರ ಕೇರಿಯ ಚರಂಡಿ. ಅಲ್ಲಿಗೆ ಬರಲು ನಮ್ಮಲ್ಲಿಯೇ ಕೆಲವರು ಹಿಂದೆಗೆದರು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಅಡುಗೆಯ ಪಾಳಿ. ಬರೆಯಲು ಸಂಕೋಚವಾದರೂ ಇದನ್ನು ಮರೆಮಾಚಿದರೆ ಚರಿತ್ರೆ ಬರೆದಂತಾಗದು. ಹೋದ ಇಪ್ಪತ್ತು ಮಂದಿಯನ್ನು ಅಜ್ಜಿಯೊಬ್ಬಳು ಕೇಳಿದಳು: “ಯಪ್ಪಾ, ನೀವು ಹತ್ತು ದಿನ ಇರಾವ್ರು. ಹನ್ನೊಂದನೇ ದಿನ ಇದನ್ನ ಬಳ್ಯಾವ್ರು ಯಾರು?” ನಮ್ಮಲ್ಲಿ ಉತ್ತರವಿರಲಿಲ್ಲ. ಕೇರಿಯ ತರುಣರು ಐದಾರು ಮಂದಿ, ನಮ್ಮದೇ ವಯಸ್ಸಿನವರು, ಎರಡು ದಿನ ಗೋಡೆಗೊರಗಿ ನೋಡುತ್ತಲೇ ಇದ್ದರು. ಅವರನ್ನು ಕರೆಯಬೇಕೆಂದು ನಮಗೆ ತೋಚಲಿಲ್ಲ. ಶಿಬಿರಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲವಲ್ಲ! ಮೂರನೆಯ ದಿನ ಅವರಲ್ಲೊಬ್ಬ ತಾನಾಗಿಯೇ ಬಂದು, ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು, ಚರಂಡಿಯ ಇಳಿಜಾರು ತಪ್ಪಿದೆಯೆಂದು ತೋರಿಸಿದ. ಅಂದು ಸಂಜೆ ಇಳಿಜಾರನ್ನು ಸರಿಪಡಿಸಿದವರು ಅವರು. ನಾವು ಮಣ್ಣು ಹೊತ್ತೆವು.

ಸೈಯಿದೈನರ ವರದಿಯ ಮಾತನ್ನು ನಾನು ಓದಿದ್ದು ಬಹುಕಾಲದ ನಂತರ. ಓದಿದಾಗ ಗೋಡೆಗೊರಗಿ ನಿಂತ ಆ ತರುಣರೇ ಕಣ್ಣಮುಂದೆ ಬಂದರು. ಕಡ್ಡಾಯವೋ ಸ್ವಇಚ್ಛೆಯೋ ಎಂದು ದೊಡ್ಡವರು ಇಪ್ಪತ್ತು ವರ್ಷ ವಾದಿಸಿದರು. ಯಾರ ಇಚ್ಛೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಯೋಜನೆ ಕಾಲೇಜಿನದಾಯಿತು, ಹಳ್ಳಿಯ ಯುವಕನು ಸೇವೆ ಪಡೆಯುವವನಾಗಿ ಉಳಿದನು. ಮುಂದೆ ಪ್ರಮಾಣಪತ್ರಕ್ಕೆ ಪ್ರವೇಶಾತಿಯಲ್ಲಿ ಬೆಲೆ ಬಂದ ಮೇಲೆ ನಮ್ಮ ಇಚ್ಛೆಯೂ ಎಷ್ಟು ಶುದ್ಧವಾಗಿತ್ತೆಂದು ಹೇಳುವುದು ಕಷ್ಟ. ಇಂದು ಸ್ವಯಂಸೇವಕರ ಸಂಖ್ಯೆ 30 ಲಕ್ಷವನ್ನು ಮೀರಿದೆ, ಶಿಬಿರವು ಏಳು ದಿನಗಳಿಗೆ ಇಳಿದಿದೆ.

ಶಿಬಿರ ಮುಗಿದ ದಿನ ಸಾಮಾನು ಎಣಿಸುವಾಗ ಒಂದು ಸಲಿಕೆ ಕಡಿಮೆ ಬಿತ್ತು. ಕಾರ್ಯಕ್ರಮಾಧಿಕಾರಿಗಳು ತುಂಬ ಬೇಸರಪಟ್ಟು, ಅದರ ಬೆಲೆಯನ್ನು ನಮ್ಮೆಲ್ಲರಿಂದ ಚಿಲ್ಲರೆ ಕೂಡಿಸಿ ವಸೂಲು ಮಾಡಿದರು. ಹದಿನೈದು ವರ್ಷಗಳ ಮೇಲೆ ಬಂಧುಗಳ ಮದುವೆಗೆಂದು ಆ ಭಾಗಕ್ಕೆ ಹೋದವನು ಕೇರಿಯತ್ತ ನಡೆದೆ. ಚರಂಡಿಯಿತ್ತು, ಅರ್ಧ ಭಾಗಕ್ಕೆ ಕಲ್ಲು ಕಟ್ಟಿದ್ದರು. ಅಂದು ಇಳಿಜಾರು ತೋರಿಸಿದವನು ನನ್ನ ಗುರುತು ಹಿಡಿಯಲಿಲ್ಲ. ಕಾಲೇಜಿನ ಶಿಬಿರವೆಂದಾಗ ಒಳಗೆ ಹೋಗಿ, ಹಿಡಿಕೆ ಬದಲಾಯಿಸಿದ ಸಲಿಕೆಯೊಂದನ್ನು ತಂದು ನನ್ನ ಮುಂದೆ ಇಟ್ಟ. ಮಳೆಗಾಲಕ್ಕೆ ಮೊದಲು ಪ್ರತಿವರ್ಷವೂ ಅದರಿಂದಲೇ ಚರಂಡಿ ಬಳಿಯುತ್ತಿದ್ದನಂತೆ.